ಗುರುಗುಟ್ಟುವುದು ನಿಂತ ಮೇಲೆ ಕಚ್ಚಿದ ನಾಯಿ: ಕಟಪಾಡಿಯ ಒಂದು ಪ್ರಕರಣ

2024ರ ಸೆಪ್ಟೆಂಬರ್ ಎರಡನೇ ವಾರ ಉಡುಪಿ ಹತ್ತಿರದ ಕಟಪಾಡಿಯಿಂದ ಫೋನು ಬಂತು. ಮಾತಾಡಿದ್ದು ಹೆಂಗಸು. "ನಾಯಿಗೆ ಟ್ರೈನಿಂಗ್ ಕೊಡುವವರು ನೀವೇ ಅಲ್ವಾ? ನಮ್ಮ ಬ್ರೂನೋ ಯಜಮಾನರಿಗೆ ಕಚ್ಚಿದ್ದಾನೆ. ಅವನಿಗೆ ಈಗ ಅವನೇ ಯಜಮಾನ ಅಂತ ಆಗಿಬಿಟ್ಟಿದೆ."

ಒಂದೇ ಉಸಿರಿನಲ್ಲಿ ಎರಡು ಯಜಮಾನ. ಮೊದಲನೆಯದು ಅವರ ಗಂಡ, ಎರಡನೆಯದು ನಾಯಿ. ಮುಂದಿನ ಐದು ತಿಂಗಳು ನಾನು ಆ ಮನೆಯಲ್ಲಿ ಮಾಡಿದ್ದೆಂದರೆ ಹೆಚ್ಚು ಕಡಿಮೆ ಆ ಎರಡನೇ ಯಜಮಾನ ಎಂಬ ಶಬ್ದವನ್ನು ಬಿಡಿಸಿದ್ದು. ಮನೆಯವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ನಾಯಿಗಳ ಹೆಸರು ಬದಲಿಸಿದ್ದೇನೆ.

ಬ್ರೂನೋ ಲ್ಯಾಬ್ರಡಾರ್ ಗಂಡು. ನಾಲ್ಕು ವರ್ಷ. ತೂಕ 38 ಕಿಲೋ, ಇರಬೇಕಾದ್ದಕ್ಕಿಂತ ನಾಲ್ಕೈದು ಕಿಲೋ ಜಾಸ್ತಿ. ಮರಿಯಾಗಿದ್ದಾಗ ತಂದದ್ದು ಮಗ. ಸ್ನಾನ ಮಾಡಿಸುವುದು, ವಾಕಿಂಗ್, ಬ್ರಷ್ ಮಾಡುವುದು ಎಲ್ಲ ಅವನದ್ದೇ. 2023ರ ಕೊನೆಗೆ ಮಗನಿಗೆ ದುಬೈಯಲ್ಲಿ ಕೆಲಸ ಆಯಿತು. ನಾಯಿ ಅಪ್ಪ ಅಮ್ಮನ ಪಾಲಿಗೆ ಉಳಿಯಿತು. ಅಪ್ಪನಿಗೆ 67 ವರ್ಷ, ಬ್ಯಾಂಕಿನಿಂದ ನಿವೃತ್ತಿ, ಮೊಣಕಾಲು ನೋವು. ವಾಕಿಂಗ್ ನಿಂತಿತು. ಹಿತ್ತಲಲ್ಲಿ ಕಾಳಿ ಅಂತ ಇನ್ನೊಂದು ನಾಯಿ ಉಂಟು. ಊರಿನದ್ದೇ ಜಾತಿ, ಹತ್ತು ವರ್ಷ ದಾಟಿದ ಮುದುಕಿ. ಹದಿನಾಲ್ಕು ಕಿಲೋ ಇದ್ದರೆ ಹೆಚ್ಚು. ಕಾಳಿಯ ಬಗ್ಗೆ ಮನೆಯವರು ಮೊದಲ ದಿನ ಒಂದು ಮಾತೂ ಆಡಲಿಲ್ಲ. ಅದು ಯಾರ ತಂಟೆಗೂ ಹೋಗುವುದಿಲ್ಲವಂತೆ. ಹೋಗದೆ ಇರುವ ನಾಯಿಯ ಸುದ್ದಿ ಯಾರಿಗೆ ಬೇಕು?

ನಡೆದದ್ದು ಹೀಗೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ದಿನ ಅಮ್ಮ ಒದ್ದೆ ನಾಯಿಯ ತಲೆ ಒರೆಸುತ್ತಿದ್ದರು. ಬ್ರೂನೋ ಗುರುಗುಟ್ಟಿದ. ಮೊದಲನೇ ಸಲ. ಜುಲೈಯಲ್ಲಿ ಸೋಫಾದಿಂದ ಇಳಿಸಲು ಹೋದಾಗ ಪುನಃ ಗುರುಗುಟ್ಟಿದ. ಮಗನಿಗೆ ವಿಡಿಯೋ ಕಾಲ್ ಹೋಯಿತು. ಯಾರದೋ ಪರಿಚಯದಿಂದ ಒಬ್ಬ ಟ್ರೈನರ್ ಬಂದರು. ಅವರು ನಾಯಿಯನ್ನು ಹತ್ತು ನಿಮಿಷ ನೋಡಿ ಹೇಳಿದರಂತೆ: ಇದು ಡಾಮಿನೆನ್ಸ್, ಅಂದರೆ ಮೇಲುಗೈ ಸಾಧಿಸುವುದು, ಇವನು ಆಲ್ಫಾ, ಅಂದರೆ ಗುಂಪಿನ ಯಜಮಾನ ಆಗಲು ನೋಡುತ್ತಿದ್ದಾನೆ. ನಿಯಮಗಳು ಬಂದವು. ಊಟ ಮೊದಲು ನಿಮ್ಮದು, ಆಮೇಲೆ ಅವನದ್ದು. ಗೇಟು ದಾಟುವಾಗ ನೀವು ಮುಂದೆ. ಸೋಫಾ ಹತ್ತಿದರೆ ಕಾಲರ್ ಹಿಡಿದು ಎಳೆಯಿರಿ. ಗುರುಗುಟ್ಟಿದರೆ ಬೆನ್ನ ಮೇಲೆ ಮಗುಚಿ ಹಾಕಿ, ಮೈ ಸಡಿಲ ಬಿಡುವ ತನಕ ಕುತ್ತಿಗೆ ಒತ್ತಿ ಹಿಡಿಯಿರಿ.

ಮೂರು ವಾರದಲ್ಲಿ ಗುರುಗುಟ್ಟುವುದು ಪೂರ್ತಿ ನಿಂತಿತು. ಎಲ್ಲರಿಗೂ ಖುಷಿ.

ಆಗಸ್ಟ್‌ನಲ್ಲಿ ಟ್ರಾಲ್ ಬೋಟುಗಳು ಪುನಃ ಕಡಲಿಗಿಳಿದವು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಎರಡು ತಿಂಗಳು ಬಾಯಿ ಕಟ್ಟಿದ ಮನೆಗೆ ಬೂತಾಯಿ ಬಂತು. ಹಿತ್ತಲ ನಳ್ಳಿಯ ಹತ್ತಿರ ಬ್ರೂನೋ ಬಾಯಲ್ಲಿ ಮೀನಿನ ತಲೆ. ಮುಳ್ಳು ಸಿಕ್ಕಿಕೊಂಡೀತು ಅಂತ ಯಜಮಾನರು ಬಾಯಿಗೆ ಕೈ ಹಾಕಿ ತೆಗೆಯಲು ಹೋದರು. ತೋರುಬೆರಳಿಗೆ ಕಚ್ಚಿದ. ಸಣ್ಣ ಗಾಯ. ಸೆಪ್ಟೆಂಬರ್ ಮೊದಲ ವಾರ ಸೋಫಾದ ಮೇಲೆ ಮಲಗಿದ್ದವನನ್ನು ಕಾಲರ್ ಹಿಡಿದು ಎಳೆದರು. ಈ ಸಲ ಎಡ ಮುಂಗೈ, ನಾಲ್ಕು ಹಲ್ಲಿನ ತೂತು. "ಒಂದು ಗುರ್ ಕೂಡ ಇಲ್ಲ ಮಾರಾಯ್ರೆ," ಅಂದರು ಯಜಮಾನರು. "ಸೀದಾ ಕಚ್ಚಿದ. ಸುಮ್ನೆ ಇದ್ದವನು."

ಗಾಯಕ್ಕೆ ಅಮ್ಮ ಮೊದಲು ಹಾಕಿದ್ದು ಅರಿಶಿನ ಪುಡಿ. ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ನಾಯಿ ಕಚ್ಚಿದರೆ ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು 15 ನಿಮಿಷ. ಆಮೇಲೆ ಆಸ್ಪತ್ರೆ. ಮನೆಯದ್ದೇ ನಾಯಿ, ಪ್ರತಿ ವರ್ಷ ಇಂಜೆಕ್ಷನ್ ಕೊಡಿಸಿದ್ದೇವೆ ಅಂತ ಮನೆಯಲ್ಲಿ ಕೂರಬಾರದು. ಇವರು ಹೋದರು, ಪುಣ್ಯಕ್ಕೆ. ರೇಬೀಸ್ ಬಾರದ ಹಾಗೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಎಂಬ ಇಂಜೆಕ್ಷನ್ ಕೊಟ್ಟರು, ಲಸಿಕೆ ಶುರು ಮಾಡಿದರು. ಹೊಲಿಗೆ ಹಾಕಲಿಲ್ಲ. "ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಂದು ಹೊಲಿಗೆ ಹಾಕಲಿಲ್ಲ" ಅಂತ ಯಜಮಾನರಿಗೆ ಸಿಟ್ಟು. ನಾಯಿ ಕಡಿತದ ಗಾಯವನ್ನು ಸಾಮಾನ್ಯವಾಗಿ ಕೂಡಲೇ ಹೊಲಿದು ಮುಚ್ಚುವುದಿಲ್ಲ, ಅವರು ಮಾಡಿದ್ದು ಸರಿ ಅಂತ ನಾನೇ ಸಮಾಧಾನ ಹೇಳಬೇಕಾಯಿತು.

ನಾನು ಹೋದ ದಿನ ಜಡಿ ಮಳೆ. ಸಿಟೌಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ನಾಯಿಯನ್ನು ಒಳಗೆ ಕಟ್ಟಿದ್ದರು, ಉದ್ದ ಹಗ್ಗ ಹಾಕಿ ತನ್ನಿ ಅಂದೆ. ಬಂದ. ನಾನು ಮುಟ್ಟಲಿಲ್ಲ, ಕರೆಯಲಿಲ್ಲ, ನೇರ ನೋಡಲೂ ಇಲ್ಲ. ಯಜಮಾನರ ಜೊತೆ ಮಳೆಯ ಬಗ್ಗೆ, ಅಡಿಕೆ ಕೊಳೆರೋಗದ ಬಗ್ಗೆ ಮಾತಾಡುತ್ತಾ ಕೂತೆ. ಅವರಿಗೆ ಅಸಮಾಧಾನ ಆಗಿರಬೇಕು. ಫೀಸು ತೆಗೆದುಕೊಳ್ಳುವವನು ಎಂತದಾದರೂ ಮಾಡಬೇಕಲ್ವಾ.

ಮುಕ್ಕಾಲು ಗಂಟೆಯಲ್ಲಿ ಬ್ರೂನೋ ಏಳು ಸಲ ತಲೆ ಕೊಡವಿದ. ಎಡ ಹಿಂಗಾಲಿನಿಂದ ಎಡ ಕಿವಿ ಕೆರೆದ, ಕೆರೆದು ಕಾಲನ್ನು ಮೂಸಿದ. ಮಲಗಿದ್ದು ಬಲ ಬದಿಗೆ ಮಾತ್ರ. ತಲೆ ಸ್ವಲ್ಪ ಎಡಕ್ಕೆ ವಾಲಿತ್ತು. ಹತ್ತಿರ ಬಂದು ನನ್ನ ಪ್ಯಾಂಟು ಮೂಸಿದಾಗ ಒಂದು ವಾಸನೆ ಬಂತು. ದೋಸೆ ಹಿಟ್ಟು ಜಾಸ್ತಿ ಹುಳಿ ಬಂದಾಗ ಬರುತ್ತದಲ್ಲ, ಆ ತರದ್ದು.

"ಕಿವಿ ತೋರಿಸಿದ್ದೀರಾ ಸರ್?"

"ಮಳೆಗಾಲದಲ್ಲಿ ಎಲ್ಲ ನಾಯಿಗಳೂ ವಾಸನೆ ಬರ್ತಾವೆ."

ನಾನು ಏನೂ ಹೇಳಲಿಲ್ಲ. ಮೊದಲು ಪಶುವೈದ್ಯರ ಹತ್ತಿರ ಹೋಗಿ ಬನ್ನಿ, ಅದು ಆಗದೆ ಟ್ರೈನಿಂಗ್ ಇಲ್ಲ ಅಂದೆ. ಮರುದಿನ ಹೋದರು. ಮುಟ್ಟಲು ಬಿಡದ ಕಾರಣ ಮಂಪರು ಕೊಟ್ಟು ನೋಡಬೇಕಾಯಿತು. ಎರಡೂ ಕಿವಿಯಲ್ಲಿ ಸೋಂಕು, ಎಡಗಡೆ ಬಹಳ ಹಳೆಯದು, ಒಳಗಿನ ದಾರಿ ಊದಿ ಕಿರಿದಾಗಿತ್ತು. ಗುಗ್ಗೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟ್ ಎಂಬ ಶಿಲೀಂಧ್ರ ತುಂಬಿತ್ತಂತೆ. ಜೋತುಬಿದ್ದ ಕಿವಿ, ಕರಾವಳಿಯ ಮಳೆಗಾಲ, ಒದ್ದೆ ಮೈ. ಲ್ಯಾಬ್ರಡಾರ್‌ಗಳಿಗೆ ಇದು ಇಲ್ಲಿ ಮಾಮೂಲಿ ಕಾಯಿಲೆ.

ಈಗ ಹಿಂದೆ ಹೋಗಿ ನೋಡಿ. ತಲೆ ಒರೆಸಿದಾಗ ಗುರುಗುಟ್ಟಿದ: ಟವೆಲ್ಲು ಕಿವಿಯ ಮೇಲೆ. ಕಾಲರ್ ಎಳೆದಾಗ ಕಚ್ಚಿದ: ಕಾಲರ್ ಮೇಲೆ ಸರಿದು ಕಿವಿಯ ಬುಡಕ್ಕೆ ತಾಗುತ್ತದೆ. ಬಾಯಿ ಬಿಡಿಸಿದಾಗ ಕಚ್ಚಿದ: ನಾಯಿಯ ಕಿವಿಯ ದಾರಿ ದವಡೆಯ ಕೀಲಿನ ಪಕ್ಕದಲ್ಲೇ ಹೋಗುತ್ತದೆ, ಒಳಗೆ ಊದಿದಾಗ ಬಾಯಿ ಅಗಲಿಸಿದರೂ ಜೀವ ಹೋಗುವಷ್ಟು ನೋವು. ಮಗುಚಿ ಹಾಕಿ ಕುತ್ತಿಗೆ ಒತ್ತಿದ್ದು ಎಲ್ಲಿಗೆ ತಾಗಿರಬಹುದು ಅಂತ ನಾನು ಹೇಳುವ ಮೊದಲೇ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಆದರೆ ಇಲ್ಲಿಗೆ ಪ್ರಕರಣ ಮುಗಿಯಲಿಲ್ಲ. ಮುಗಿದಿದ್ದರೆ ಇದು ಕಿವಿಯ ಪ್ರಕರಣ ಆಗುತ್ತಿತ್ತು. ಮೂರು ವಾರ ಔಷಧ ಹಾಕಿ ಕಿವಿ ವಾಸಿಯಾದ ಮೇಲೂ ಕೈ ಹತ್ತಿರ ಬಂದರೆ ಬ್ರೂನೋ ಗಟ್ಟಿಯಾಗುತ್ತಿದ್ದ. ನೋವು ಹೋಗಿತ್ತು, ನೋವಿನ ನೆನಪು ಹೋಗಿರಲಿಲ್ಲ. ಮೀನಿನ ವಿಷಯವಂತೂ ಬೇರೆಯೇ ಲೆಕ್ಕ.

ಎರಡನೇ ಭೇಟಿಯಲ್ಲಿ ಅಮ್ಮನ ಹತ್ತಿರ ಒಂದು ಕೆಲಸ ಹೇಳಿದ್ದೆ. ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆಯೇ ನಾಯಿಯ ಲೆಕ್ಕವೂ ಬರೆಯಿರಿ. ಬ್ರೂನೋ ಕೆಟ್ಟವನೋ ಒಳ್ಳೆಯವನೋ ಅಂತ ಬರೆಯಬೇಡಿ. "ಯಜಮಾನಿಕೆ ತೋರಿಸಿದ" ಅಂತಲೂ ಬೇಡ. ಗಂಟೆ ಎಷ್ಟು, ಯಾರು ಎಂತ ಮಾಡುತ್ತಿದ್ದರು, ಅವನ ಬಾಯಿ, ಕಿವಿ, ಬಾಲ ಎಂತ ಮಾಡಿತು. ಅಷ್ಟೇ. ಅಮ್ಮ ಹಳೇ ಕಾಲದ ಎಸ್ಸೆಸ್ಸೆಲ್ಸಿ, ಅಕ್ಷರ ಮುತ್ತಿನ ಹಾಗೆ. "ಸಂಜೆ 4. ಇವರು ಪೇಪರ್ ತೆಗೆಯಲು ಬಗ್ಗಿದರು. ಬ್ರೂನೋ ನಾಲಗೆಯಿಂದ ಮೂಗು ನೆಕ್ಕಿದ. ಮುಖ ಆಚೆ ತಿರುಗಿಸಿದ." "ರಾತ್ರಿ 8. ಬಟ್ಟಲಿನ ಹತ್ತಿರ ಹೋದೆ. ತಿನ್ನುವುದು ನಿಲ್ಲಿಸಿದ. ಅಲುಗಾಡಲಿಲ್ಲ. ನಾನು ಹೋದ ಮೇಲೆ ಗಬಗಬ ತಿಂದ." ಎರಡು ವಾರದಲ್ಲಿ ಇಂಥ 23 ಟಿಪ್ಪಣಿ. ಒಂದರಲ್ಲೂ "ಗುರ್" ಇಲ್ಲ.

ನಾಯಿ ಕಚ್ಚುವ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಆಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಗುರುಗುಟ್ಟುತ್ತದೆ, ಹಲ್ಲು ತೋರಿಸುತ್ತದೆ, ಗಾಳಿಯಲ್ಲಿ ಕಚ್ಚುತ್ತದೆ. ಕೊನೆಗೆ ನಿಜ ಕಡಿತ. ಮೆಟ್ಟಿಲಿನ ಕೆಳಗಿನ ಭಾಗ ನಮಗೆ ಕಾಣುವುದಿಲ್ಲ, ಕೇಳುವುದು ಗುರುಗುಟ್ಟುವುದು ಮಾತ್ರ. ಈ ಮನೆಯಲ್ಲಿ ಆ ಒಂದು ಮೆಟ್ಟಿಲನ್ನೇ ಕಿತ್ತು ಹಾಕಿದ್ದರು. ಗುರುಗುಟ್ಟಿದರೆ ಮಗುಚಿ ಒತ್ತುತ್ತಾರೆ ಅಂತ ಬ್ರೂನೋ ಕಲಿತ. ಅವನ ಹೆದರಿಕೆ ಎಳ್ಳಷ್ಟೂ ಕಡಿಮೆ ಆಗಿರಲಿಲ್ಲ. ಹೇಳುವುದನ್ನು ಮಾತ್ರ ಬಿಟ್ಟಿದ್ದ.

ಈ ಮಗುಚಿ ಹಾಕುವ ವಿದ್ಯೆ ಎಲ್ಲಿಂದ ಬಂತು ಅಂತ ಯಜಮಾನರೇ ಒಂದು ದಿನ ಕೇಳಿದರು. ಲೆಕ್ಕದ ಮನುಷ್ಯ, ಮೂಲ ಬೇಕು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದರು. ಬೇಲಿಯೊಳಗೆ ಒಟ್ಟಿಗೆ ಇಟ್ಟ ತೋಳಗಳು. ಅವು ಮೇಲಿನ ಸ್ಥಾನಕ್ಕಾಗಿ ಗುದ್ದಾಡುತ್ತಿದ್ದವು. ಲಾಡ್ಜಿನ ಒಂದು ರೂಮಿನಲ್ಲಿ ಹತ್ತು ಜನ ಅಪರಿಚಿತರನ್ನು ಬೀಗ ಹಾಕಿ ಕೂರಿಸಿ, ಅವರ ಜಗಳ ನೋಡಿ ನಮ್ಮೂರಿನ ಸಂಸಾರ ಹೀಗೆಯೇ ಅಂತ ಬರೆದ ಹಾಗೆ. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತಮ್ಮ ತೋಳದ ಪುಸ್ತಕದಲ್ಲಿ ಈ ಆಲ್ಫಾ ಮಾತನ್ನು ಎಲ್ಲ ಕಡೆ ಹಬ್ಬಿಸಿದರು. ಆಮೇಲೆ ಅವರೇ 1986ರಿಂದ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಬೇಸಿಗೆ ಬೇಸಿಗೆ ಹೋಗಿ ಕಾಡುತೋಳಗಳ ಪಕ್ಕದಲ್ಲೇ ಕೂತರು. ಕಂಡದ್ದು ಅಪ್ಪ, ಅಮ್ಮ, ಮರಿಗಳು. ಬರೀ ಸಂಸಾರ. 1999ರಲ್ಲಿ ಅದನ್ನು ಬರೆದರು, ತಮ್ಮ ಹಳೇ ಪುಸ್ತಕ ಅಚ್ಚು ಹಾಕುವುದನ್ನು ನಿಲ್ಲಿಸಿ ಅಂತ ಪ್ರಕಾಶಕರನ್ನೂ ಕೇಳಿಕೊಂಡರು. ತಪ್ಪು ಅಂತ ಗೊತ್ತಾದ ಮೇಲೆ ತನ್ನದೇ ಪುಸ್ತಕ ನಿಲ್ಲಿಸಲು ಹೊರಡುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಇನ್ನೊಂದು ಲೆಕ್ಕವನ್ನೂ ಕೊಟ್ಟೆ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು, ನಾಯಿಯ ವರ್ತನೆ ಸರಿಯಿಲ್ಲ ಅಂತ ತಮ್ಮಲ್ಲಿಗೆ ಬಂದ 140 ಮಾಲೀಕರನ್ನು ಕೇಳಿದರು. ನಾಯಿಗೆ ಹೊಡೆದ ಅಥವಾ ಒದ್ದವರಲ್ಲಿ 43 ಶೇಕಡಾ ಮಂದಿಗೆ ನಾಯಿ ತಿರುಗಿ ಬಿದ್ದಿತ್ತು. ಮಗುಚಿ ಹಾಕಿದವರಲ್ಲಿ 31. ದಿಟ್ಟಿಸಿ ನೋಡಿದವರಲ್ಲಿ 30. ಮೊದಲೇ ತೊಂದರೆ ಇದ್ದ ನಾಯಿಗಳ ಲೆಕ್ಕ ಇದು, ಊರಿನ ಎಲ್ಲ ನಾಯಿಗಳದ್ದಲ್ಲ. ಆದರೆ ಮಗುಚಿ ಹಾಕುವುದು ಇಂಥ ನಾಯಿಗಳನ್ನೇ ಅಲ್ವಾ.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ನೀವು ಯಾವತ್ತೂ ಮಗುಚಿ ಹಾಕಲಿಲ್ಲವಾ?"

ಹಾಕಿದ್ದೇನೆ. 2013ರಲ್ಲಿ, ಕೆಲಸ ಶುರು ಮಾಡಿದ ಹೊಸತು. ಮಣಿಪಾಲದ ಒಂದು ಮನೆಯಲ್ಲಿ ಜರ್ಮನ್ ಶೆಫರ್ಡ್. ಮನೆಯವರ ಎದುರಿಗೇ ಮಗುಚಿ ಒತ್ತಿದೆ. ಅದು ಮಲಗಿದಲ್ಲೇ ಮೂತ್ರ ಮಾಡಿತು, ಮೈ ಸಡಿಲ ಬಿಟ್ಟಿತು. "ನೋಡಿ, ಸೋತ" ಅಂತ ಹೇಳಿ ಫೀಸು ತೆಗೆದುಕೊಂಡು ಬಂದೆ. ಮುಂದಿನ ವಾರ ಹೋದಾಗ ಗೇಟಿನ ಹೊರಗೆ ನನ್ನ ಬೈಕಿನ ಸದ್ದಿಗೇ ಅದು ಕಾರಿನ ಅಡಿಗೆ ಹೋಗಿ ಕೂತಿತ್ತು. ಅದನ್ನೂ ನಾನು ಗೌರವ ಅಂತಲೇ ಹೇಳಿದೆ. ಇಷ್ಟನ್ನು ಯಜಮಾನರಿಗೆ ಹೇಳಿದ ದಿನದಿಂದ ಅವರು ನನ್ನ ಮಾತು ಸ್ವಲ್ಪ ಜಾಸ್ತಿ ಕೇಳಲು ಶುರು ಮಾಡಿದರು ಅಂತ ನನ್ನ ಅಂದಾಜು.

ಪ್ರಕರಣ ನಿಜವಾಗಿ ತಿರುಗಿದ್ದು ಮಾತ್ರ ನನ್ನ ಮಾತಿನಿಂದಲ್ಲ, ಕಾಳಿಯಿಂದ.

ಅಕ್ಟೋಬರ್ ಮೊದಲ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಮೀನಿನ ಅಕ್ಕ ಬಂದು ಹೋಗಿದ್ದರು. ಅಮ್ಮ ನಳ್ಳಿಯ ಹತ್ತಿರ ಮೆಟ್ಟುಕತ್ತಿ ಇಟ್ಟುಕೊಂಡು ಬೂತಾಯಿ ಶುಚಿ ಮಾಡುತ್ತಿದ್ದರು. ತಲೆ, ಕರುಳು ಪಕ್ಕಕ್ಕೆ ಬಿಸಾಡುತ್ತಿದ್ದರು. ನಾನು ಮತ್ತು ಯಜಮಾನರು ಹಿಂಬಾಗಿಲಿನ ಮೆಟ್ಟಿಲಲ್ಲಿ ಕೂತಿದ್ದೆವು. ಬ್ರೂನೋ ಓಡಿ ಬಂದ. ಕಾಳಿ ಬಾವಿಕಟ್ಟೆಯ ಹತ್ತಿರದಿಂದ ಎದ್ದು, ಮೈ ಮುರಿದು, ಆರಾಮಾಗಿ ನಡೆದು ಬಂತು. ಅಷ್ಟೇ. ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ಒಂದು ಸಲ ತಲೆ ಎತ್ತಿ ಅವನ ಕಡೆ ನೋಡಿತು. 38 ಕಿಲೋದ ಬ್ರೂನೋ ನಾಲ್ಕು ಹೆಜ್ಜೆ ಹಿಂದೆ ಸರಿದು, ತೆಂಗಿನ ಬುಡವನ್ನು ಮೂಸುತ್ತಾ ನಿಂತ. ಅಲ್ಲಿ ಮೂಸುವಂಥದ್ದು ಏನೂ ಇರಲಿಲ್ಲ. ಕಾಳಿ ಒಂದೊಂದೇ ತಲೆ ತಿಂದು, ಬಾಯಿ ನೆಕ್ಕಿಕೊಂಡು ವಾಪಸ್ ಹೋಯಿತು. ಉಳಿದದ್ದಕ್ಕೆ ಬ್ರೂನೋ ಬಂದ.

"ಸರ್, ಇಲ್ಲಿ ಯಜಮಾನ ಯಾರು?" ಅಂತ ಕೇಳಿದೆ.

ಅವರು ನಕ್ಕರು. ಆ ಮನೆಯಲ್ಲಿ ನಾನು ನೋಡಿದ ಮೊದಲ ನಗು.

ಅರ್ಧ ಗಂಟೆ ಬಿಟ್ಟು ಸಿಟೌಟಿನ ತಂಪು ಟೈಲ್ಸಿನ ಮೇಲೆ ಕಾಳಿ ಮಲಗಿತ್ತು. ಬ್ರೂನೋ ಬಂದು ಪಕ್ಕದಲ್ಲಿ ನಿಂತ. ಕಾಳಿ ಎದ್ದು ಜಾಗ ಬಿಟ್ಟು ಹೋಯಿತು. ಮೀನಿಗೆ ಕಾಳಿ, ತಂಪು ಜಾಗಕ್ಕೆ ಬ್ರೂನೋ. ಯಾರಿಗೆ ಯಾವುದು ಹೆಚ್ಚು ಬೇಕೋ ಅದರ ಮೇಲೆ ಅವರ ನಡುವೆ ಒಪ್ಪಂದ ಆಗಿತ್ತು.

ಪ್ರಾಣಿಗಳ ವರ್ತನೆ ಓದುವವರು ಡಾಮಿನೆನ್ಸ್ ಅನ್ನುವುದು ಇದಕ್ಕೆ. ಅದು ಒಂದು ನಾಯಿಯ ಗುಣ ಅಲ್ಲ. ಎರಡು ಪ್ರಾಣಿಗಳ ನಡುವೆ, ಒಂದು ವಸ್ತುವಿನ ವಿಷಯದಲ್ಲಿ, ಯಾರು ಯಾರಿಗೆ ದಾರಿ ಬಿಡುತ್ತಾರೆ ಎಂಬ ಸಂಬಂಧ. ಅದು ಗಟ್ಟಿಯಾಗಿರುವಲ್ಲಿ ಕಚ್ಚಾಟವೇ ಕಡಿಮೆ. ಗುತ್ತಿನ ಮನೆಯ, ಅಂದರೆ ತುಳುನಾಡಿನ ದೊಡ್ಡ ಮನೆತನದ, ಹಳೇ ಯಜಮಾನರನ್ನು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಅವರು ಗಟ್ಟಿ ಮಾತಾಡುವುದೇ ಇಲ್ಲ. ಒಂದು ಸಲ ಕೆಮ್ಮಿದರೆ ಚಾವಡಿ ಸುಮ್ಮನಾಗುತ್ತದೆ. ಕೂಗಾಡುವುದು, ಕೈ ಎತ್ತುವುದು ಯಾರು? ತನ್ನ ಕೈಯಲ್ಲಿ ಇದ್ದದ್ದು ಹೋಗುತ್ತದೆ ಅಂತ ಹೆದರಿದವನು. ಬ್ರೂನೋ ಯಜಮಾನ ಆಗಿದ್ದರೆ ಕಚ್ಚುವ ಅಗತ್ಯವೇ ಇರುತ್ತಿರಲಿಲ್ಲ.

ಈ ಮಾತು ಯಜಮಾನರಿಗೆ ತಾಗಿತು. ಬಹುಶಃ ಜಾಸ್ತಿಯೇ ತಾಗಿತು.

ಕೆಲಸದ ವಿವರ ಹೇಳುತ್ತೇನೆ, ಇದರಲ್ಲಿ ಜಾದೂ ಏನೂ ಇಲ್ಲ. ಸೋಫಾದ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಮಗುಚಿ ಇಟ್ಟರು, ಹತ್ತುವ ಪ್ರಶ್ನೆಯೇ ಬರಲಿಲ್ಲ. ಪಕ್ಕದಲ್ಲಿ ಹಳೇ ಕಂಬಳಿ ಮಡಚಿ ಹಾಕಿದರು, ಅಲ್ಲಿ ಮಲಗಿದರೆ ಇಡ್ಲಿ ತುಂಡು. ಕಾಲರ್ ತೆಗೆದು ಎದೆಗೆ ಹಾಕುವ ಹಾರ್ನೆಸ್ ಹಾಕಿದೆವು, ಅದಕ್ಕೆ ಐದಡಿ ಹಗ್ಗ. ಕರೆಯಬೇಕಾದರೆ ಹಗ್ಗ ಹಿಡಿಯುವುದು, ಮೈಗೆ ಕೈ ಹಾಕುವುದಿಲ್ಲ. ಬೆಳಿಗ್ಗೆ ಆರಕ್ಕೆ ಗದ್ದೆಯ ಬದಿಯಲ್ಲಿ ಅರ್ಧ ಗಂಟೆ ವಾಕಿಂಗ್, ಅದಕ್ಕೆ ಪಕ್ಕದ ಮನೆಯ ಕಾಲೇಜು ಹುಡುಗನನ್ನು ಗೊತ್ತು ಮಾಡಿದರು. ಮೂಸಲು ಬಿಡು, ಎಳೆಯಬೇಡ ಅಂತ ಅವನಿಗೆ ಹೇಳಿದ್ದೆ. ಬಾಯಿಗೆ ಹಾಕುವ ಮಝಲ್ ಕೂಡ ಕಲಿಸಿದೆವು. ಎತ್ತಿಗೆ ಕಟ್ಟುವ ಬಾಯಿಕುಕ್ಕೆಯ ಹಾಗೆ ಬುಟ್ಟಿ ತರದ್ದು, ಒಳಗೆ ಬಾಯಿ ತೆರೆದು ಉಸಿರಾಡಲು ಆಗುವಂಥದ್ದು. ತಳಕ್ಕೆ ಮೊಸರು ಸವರಿ ಹಿಡಿದರೆ ತಾನೇ ಮೂತಿ ತೂರಿಸುತ್ತಿದ್ದ. ಆಸ್ಪತ್ರೆಗೆ ಹೋಗುವಾಗ ಮಾತ್ರ ಅದು.

ಕಿವಿಗೆ ದಿನಕ್ಕೆ ಎರಡು ಸಲ ಔಷಧ. ಅಮ್ಮ ಸ್ಟೀಲ್ ತಟ್ಟೆಗೆ ಮೊಸರು ಸವರಿ ನೆಲದಲ್ಲಿ ಇಡುವುದು. ಬ್ರೂನೋ ನೆಕ್ಕುತ್ತಿದ್ದಾಗ ಮೊದಲ ಎರಡು ದಿನ ಬಾಟಲಿ ತೋರಿಸುವುದಷ್ಟೇ. ಆಮೇಲೆ ಬಾಟಲಿಯಿಂದ ಹೆಗಲು ಮುಟ್ಟುವುದು. ಆಮೇಲೆ ಕಿವಿಯ ಹೊರಗೆ. ಅಷ್ಟು ದಿನ ಔಷಧ ಇಲ್ಲದೆ ಹೇಗೆ ಅಂದರೆ, ವೈದ್ಯರು ಮಂಪರಿನಲ್ಲಿದ್ದಾಗಲೇ ಶುಚಿ ಮಾಡಿ ಹಾಕಿ ಕಳಿಸಿದ್ದರು, ನೋವಿನ ಮಾತ್ರೆಯೂ ಇತ್ತು. ತಣ್ಣನೆ ಹನಿ ಕಿವಿಗೆ ಬಿದ್ದರೆ ಯಾರಿಗಾದರೂ ಬೆಚ್ಚಿ ಬೀಳುವ ಹಾಗೆ ಆಗುತ್ತದೆ, ಅದಕ್ಕೆ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುವುದು. ತಟ್ಟೆಯಿಂದ ಬ್ರೂನೋ ಮುಖ ಎತ್ತಿದರೆ ಅಮ್ಮನ ಕೈ ಕೂಡಲೇ ಹಿಂದೆ. ನಿಲ್ಲಿಸುವ ಅಧಿಕಾರ ಅವನದ್ದು. ಇದನ್ನು ಒಪ್ಪಿಸುವುದೇ ನನಗೆ ಕಷ್ಟ ಆದದ್ದು. "ನಾಯಿ ಹೇಳಿದ ಹಾಗೆ ನಾವು ಕೇಳುವುದಾ?" ಅಂತ ಯಜಮಾನರು. ಐದನೇ ದಿನ ಬ್ರೂನೋ ಹನಿ ಬೀಳುವ ತನಕ ಅಲುಗಾಡದೆ ನಿಂತ. ಮುಖ ಎತ್ತಿದರೆ ನಿಲ್ಲುತ್ತಾರೆ ಅಂತ ಗೊತ್ತಾದ ಮೇಲೆ ಮುಖ ಎತ್ತುವುದೇ ಕಡಿಮೆ ಆಯಿತು.

ಮೀನಿನ ಕಥೆಗೆ ಒಂದೇ ನಿಯಮ: ತೆಗೆಯಲು ಹೋಗಬೇಡಿ, ಕೊಡಲು ಹೋಗಿ. ಬ್ರೂನೋ ಬಟ್ಟಲಿನಲ್ಲಿ ಬರೀ ಕುಚ್ಚಲಕ್ಕಿ ಗಂಜಿ ತಿನ್ನುವಾಗ ಯಜಮಾನರು ಎಂಟು ಅಡಿ ದೂರದಲ್ಲಿ ಹಾದು ಹೋಗುತ್ತಾ ಬೇಯಿಸಿದ ಕೋಳಿಯ ಒಂದು ತುಂಡು ಎಸೆಯುವುದು, ನಿಲ್ಲದೆ ಹೋಗುವುದು. ದಿನಕ್ಕೆ ಎರಡು ಸಲ. ವಾರ ಬಿಟ್ಟು ಏಳು ಅಡಿ. ಅವರು ಬರುವುದು ಕಂಡು ಬಾಲ ಸಡಿಲವಾಗಿ ಅಲ್ಲಾಡಿದರೆ ಮಾತ್ರ ಒಂದು ಅಡಿ ಮುಂದೆ. ಇಲ್ಲಿ ನಾನು ತೆಗೆದ ಒಂದು ವಿಡಿಯೋ ಇದೆ, ಹೊಸಬರಿಗೆ ತೋರಿಸುತ್ತೇನೆ. ಯಜಮಾನರು ಚೌಕಟ್ಟಿನೊಳಗೆ ಕಾಲಿಡುತ್ತಾರೆ. ಬ್ರೂನೋನ ಜಗಿಯುವುದು ನಿಲ್ಲುತ್ತದೆ. ಮೂತಿ ಬಟ್ಟಲಿನಲ್ಲೇ, ಕಣ್ಣು ಮಾತ್ರ ಓರೆಯಾಗಿ ಮೇಲೆ ಬರುತ್ತದೆ, ಬಿಳಿ ಭಾಗ ಉಗುರಿನಷ್ಟು ಕಾಣುತ್ತದೆ. ಮೀಸೆ ಮುಂದಕ್ಕೆ. ಬಾಲ ನೆಟ್ಟಗೆ. ಎರಡು ಸೆಕೆಂಡು ಕೂಡ ಇಲ್ಲ. ಈ ಎರಡು ಸೆಕೆಂಡನ್ನೇ ಮನೆಯವರು "ಸುಮ್ನೆ ಇದ್ದ" ಅಂದದ್ದು.

ನಡುವೆ ಎಡವಿದ್ದೂ ಉಂಟು. ದೀಪಾವಳಿಯ ಪಟಾಕಿಗೆ ನಾಲ್ಕು ದಿನ ಮಂಚದಡಿಯಿಂದ ಬರಲಿಲ್ಲ, ಎಂಟು ಅಡಿಯಿಂದ ಪುನಃ ಶುರು ಮಾಡಿದೆವು. ದುಬೈಯಿಂದ ಮಗ, "ಯಾರಿಗಾದರೂ ಕೊಟ್ಟುಬಿಡಿ" ಅಂದ. ಕಚ್ಚಿದ ನಾಯಿಯನ್ನು ಹೇಳದೆ ಕೊಡುವುದು ಇನ್ನೊಬ್ಬರ ಮನೆಗೆ ಕಡಿತ ಕಳಿಸಿದ ಹಾಗೆ, ಹೇಳಿದರೆ ಯಾರೂ ತೆಗೆದುಕೊಳ್ಳುವುದಿಲ್ಲ. ಕೊನೆಗೆ ರಾತ್ರಿ ಕಾರಿನಲ್ಲಿ ಕೂರಿಸಿ ಬೀಚಿನ ಹತ್ತಿರ ಬಿಟ್ಟು ಬರುವವರು ನಮ್ಮಲ್ಲಿ ಇದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಬೀಜ ತೆಗೆಸಿದರೆ ಸರಿಯಾಗುತ್ತದಾ ಅಂತಲೂ ಕೇಳಿದರು. ಹೆದರಿ ಕಚ್ಚುವ ನಾಯಿಗೆ ಅದೊಂದೇ ಮದ್ದು ಅಂತ ನಾನು ಯಾರಿಗೂ ಹೇಳುವುದಿಲ್ಲ.

ನವೆಂಬರ್ ಕೊನೆಗೆ ಅಮ್ಮನ ಫೋನು. ದನಿ ನಡುಗುತ್ತಿತ್ತು. "ಪುನಃ ಶುರು ಮಾಡಿದ. ಇವರು ಬಟ್ಟಲಿಗೆ ಕೈ ಹಾಕಿದರು, ಗುರ್ ಅಂದ."

"ಕಚ್ಚಿದನಾ?"

"ಇಲ್ಲ. ಇವರು ಕೈ ತೆಗೆದರು."

"ಒಳ್ಳೆಯದಾಯ್ತು ಅಮ್ಮ."

ಆ ಕಡೆ ಮೌನ. ನನಗೆ ತಲೆ ಕೆಟ್ಟಿದೆ ಅಂತ ಅಂದುಕೊಂಡಿರಬೇಕು. ನಾನಂತೂ ಬೈಕು ನಿಲ್ಲಿಸಿ ರಸ್ತೆ ಬದಿಯಲ್ಲಿ ಒಬ್ಬನೇ ನಕ್ಕೆ. ಕಿತ್ತು ಹಾಕಿದ್ದ ಮೆಟ್ಟಿಲು ವಾಪಸ್ ಬಂದಿತ್ತು. ನಾಲ್ಕು ತಿಂಗಳ ನಂತರ ಆ ನಾಯಿ ಬಾಯಿಬಿಟ್ಟು ಹೇಳಿತ್ತು, ಹೇಳಿದರೆ ಕೇಳುತ್ತಾರೆ ಎಂಬ ಧೈರ್ಯದಲ್ಲಿ. ಯಜಮಾನರು ಕೈ ಹಾಕಿದ್ದು ಮಾತ್ರ ಶುದ್ಧ ಪರೀಕ್ಷೆ. "ಎಷ್ಟು ಸರಿಯಾಗಿದ್ದಾನೆ ನೋಡುವ ಅಂತ" ಹಾಕಿದರಂತೆ. ನಿಮ್ಮ ಊಟದ ಬಟ್ಟಲಿಗೆ ಪ್ರತಿ ವಾರ ಯಾರಾದರೂ ಕೈ ಹಾಕಿ ನೋಡಿದರೆ ನೀವು ಎಷ್ಟು ವಾರ ಸುಮ್ಮನಿರುತ್ತೀರಿ ಅಂತ ಕೇಳಿದೆ. ಉತ್ತರ ಕೊಡಲಿಲ್ಲ. ಆಮೇಲೆ ಹಾಕಲೂ ಇಲ್ಲ.

ಡಿಸೆಂಬರಿನಲ್ಲಿ ಮಗ, ಸೊಸೆ, ಆರು ವರ್ಷದ ಮೊಮ್ಮಗಳು ಬಂದರು. ನಾನು ಯಾವ ಭರವಸೆಯನ್ನೂ ಕೊಡಲಿಲ್ಲ. ಚಾವಡಿಯ ಬಾಗಿಲಿಗೆ ಅಡ್ಡ ಕಬ್ಬಿಣದ ಸಣ್ಣ ಗೇಟು ಮಾಡಿಸಿದರು. ಊಟದ ಹೊತ್ತು, ನಿದ್ದೆಯ ಹೊತ್ತು ನಾಯಿ ಆಚೆ, ಮಗು ಈಚೆ. ಇಬ್ಬರೂ ಒಂದೇ ಕಡೆ ಇದ್ದರೆ ದೊಡ್ಡವರು ಒಬ್ಬರು ನಡುವೆ, ಮೊಬೈಲು ಕೆಳಗೆ. ಮೂರು ವಾರ ಏನೂ ಆಗಲಿಲ್ಲ. ಇದನ್ನು ನಾನು ನಾಯಿಯ ಗೆಲುವು ಅನ್ನುವುದಿಲ್ಲ, ಗೇಟಿನ ಗೆಲುವು. ಸೋಫಾದ ಮೇಲಿನ ಕುರ್ಚಿಗಳು ಈಗಲೂ ಅಲ್ಲೇ ಇವೆ. ಮಲಗಿರುವಾಗ ಹಿಂದಿನಿಂದ ಮುಟ್ಟಿದರೆ ಬ್ರೂನೋ ಈಗಲೂ ಬೆಚ್ಚುತ್ತಾನೆ. ಪ್ರತಿ ಮಳೆಗಾಲದ ಮೊದಲು ಕಿವಿ ತೋರಿಸಬೇಕು.

2025ರ ಫೆಬ್ರವರಿಯಲ್ಲಿ ಕೊನೆಯ ಭೇಟಿ. ಅಮ್ಮ ಹೊಸ ಕ್ಯಾಲೆಂಡರಿನಲ್ಲೂ ಬರೆಯುವುದನ್ನು ಬಿಟ್ಟಿರಲಿಲ್ಲ. ಹಾಲಿನ ಲೆಕ್ಕದ ಅಡಿಯಲ್ಲಿ ಈ ಸಲ ಅಕ್ಷರ ಬೇರೆ, ಬ್ಯಾಂಕಿನವರ ಓರೆ ಅಕ್ಷರ: "ಬಂಗುಡೆ ತಲೆ ಬ್ರೂನೋ ಬಾಯಲ್ಲಿ. ನಾನು ನಳ್ಳಿಗೆ ಬಾಲ್ದಿ ತರಲು ಹೋದೆ. ಗುರ್ ಅಂದ. ನಿಂತೆ. ಬಾವಿಯ ಕಡೆಯಿಂದ ಸುತ್ತು ಹಾಕಿ ಹೋದೆ. ಕಾಳಿ ನೋಡುತ್ತಾ ಕೂತಿತ್ತು."